ಮೆಲ್ಲಗೆ ಕೇಳಿದ ಪ್ರಶ್ನೆ



ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಕಂಪಾಸು ಪೆಟ್ಟಿಗೆಯಿಂದ ಒಂದು ಪೆನ್ಸಿಲನ್ನು ತೆಗೆದುಕೊಳ್ಳಿ. ಬಿಳಿಯ ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ಆ ಗೆರೆಯನ್ನು ಬೆರಳಿನಿಂದ ಒಮ್ಮೆ ಸವರಿ. ಬೆರಳಿಗೆ ಅಂಟುವ ಆ ಕಪ್ಪು ಹುಡಿಯ ಬಗ್ಗೆ ನಿಮ್ಮೊಡನೆ ಕೊಂಚ ಮಾತನಾಡಬೇಕೆಂಬುದು ನನ್ನ ಆಸೆ. ಅದರ ನೆಪದಲ್ಲಿ ಬಹುಕಾಲದಿಂದ ನನ್ನೊಳಗೆ ಉಳಿದುಕೊಂಡಿರುವ ಒಂದು ತಪ್ಪನ್ನೂ ನಿಮ್ಮ ಮುಂದೆ ಇಡುತ್ತೇನೆ. ತಾಳ್ಮೆಯಿಂದ ಓದುವಿರೆಂಬ ನಂಬಿಕೆ ನನ್ನದು.

ನಾನು ವಿಜ್ಞಾನದ ಮೇಷ್ಟ್ರು, ಈಗ ನಿವೃತ್ತ. ರಾಯಚೂರಿನಿಂದ ಲಿಂಗಸುಗೂರಿನ ಕಡೆಗೆ ಹೊರಟರೆ ಸಿಗುವ ಕಲ್ಮಲ ನಮ್ಮ ಊರು. ಮಾನ್ವಿ, ಸಿಂಧನೂರುಗಳ ಮೂಲಕ ಶಿಗ್ಗಾಂವಿಯವರೆಗೆ ಹೋಗುವ ರಾಜ್ಯ ಹೆದ್ದಾರಿ ಇಲ್ಲಿಂದಲೇ ಕವಲೊಡೆಯುತ್ತದೆ. ಹಾಗಾಗಿ ನಮ್ಮೂರಿನಲ್ಲಿ ಹಗಲಿರುಳೂ ಹೋಗುವವರು, ಬರುವವರು. ಹೋಗುವವರಲ್ಲಿ ಬಹುಪಾಲು ಜನ ಗುಳೆ ಹೋಗುವವರು. ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪದ ವರ್ಷ, ಮಳೆ ಕೈಕೊಟ್ಟು ಎರೆಹೊಲ ಬಾಯ್ಬಿಟ್ಟ ವರ್ಷ, ದೇವದುರ್ಗ, ಮಾನ್ವಿ, ರಾಯಚೂರು ತಾಲ್ಲೂಕುಗಳ ಕೂಲಿ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ಹೊರಟುಬಿಡುತ್ತಾರೆ. ಅಲ್ಲಿ ಕಟ್ಟಡದ ಕೆಲಸ. ಜೊತೆಯಲ್ಲಿ ಮಕ್ಕಳು. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಮಕ್ಕಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಬರೀ ಗೈರುಹಾಜರಿಯ ಗುರುತು.

ಮೊದಲು ಆ ಕಪ್ಪು ಹುಡಿಯ ಮಾತು. ಪೆನ್ಸಿಲಿನೊಳಗಿನ ಕಡ್ಡಿಯನ್ನು ನಾವು ಸೀಸವೆಂದು ಕರೆಯುವುದುಂಟು. ಆದರೆ ಅದರಲ್ಲಿ ಸೀಸವಿಲ್ಲ. ಅದು ಜೇಡಿಮಣ್ಣಿನೊಡನೆ ಬೆರೆಸಿದ ಗ್ರಾಫೈಟ್. ಗ್ರಾಫೈಟ್ ಎಂದರೆ ಇಂಗಾಲ. ನಮ್ಮ ಜಿಲ್ಲೆಯ ಜನರಿಗೆ ಇಂಗಾಲ ಹೊಸತೇನೂ ಅಲ್ಲ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಆರಂಭವಾಗಿ, ಎಂಟು ಘಟಕಗಳೊಡನೆ 1720 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆದ ಶಾಖೋತ್ಪನ್ನ ಕೇಂದ್ರವು ಉರಿಸುತ್ತ ಬಂದಿರುವ ಕಲ್ಲಿದ್ದಲಿನಲ್ಲಿಯೂ ಮುಖ್ಯವಾದದ್ದು ಇಂಗಾಲವೇ. ಕಲ್ಲಿದ್ದಲಿನಲ್ಲಿ ಇಂಗಾಲದ ಪರಮಾಣುಗಳು ಸಂತೆಯ ಜನರಂತೆ ಅಡ್ಡಾದಿಡ್ಡಿಯಾಗಿ ನೆರೆದಿರುತ್ತವೆ. ಗ್ರಾಫೈಟಿನಲ್ಲಿ ಹಾಗಲ್ಲ. ಅಲ್ಲಿ ಅವು ಜೇನುಗೂಡಿನಂತೆ ಆರು ಮೂಲೆಯ ಮನೆಗಳನ್ನು ಕಟ್ಟಿಕೊಂಡು ಹಾಳೆಹಾಳೆಯಾಗಿ ಹರಡಿರುತ್ತವೆ. ಒಂದು ಹಾಳೆಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಎರಡು ಹಾಳೆಗಳ ನಡುವಿನ ಅಂತರ 0.335 ನ್ಯಾನೋಮೀಟರ್. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಇಂಥ ಸುಮಾರು 30 ಲಕ್ಷ ಹಾಳೆಗಳಿರುತ್ತವೆಂದರೆ ಆ ತೆಳುವನ್ನು ನೀವೇ ಊಹಿಸಿಕೊಳ್ಳಿ. ಹಾಳೆಯೊಳಗಿನ ಬಂಧ ಅತ್ಯಂತ ಗಟ್ಟಿ. ಹಾಳೆ ಹಾಳೆಗಳ ನಡುವಿನ ಬಂಧ ಸಡಿಲ. ಆದ್ದರಿಂದಲೇ ಪೆನ್ಸಿಲ್ ಬರೆಯುತ್ತದೆ. ನಾವು ಬರೆಯುವಾಗಲೆಲ್ಲ ಹಾಳೆಗಳು ಜಾರಿ ಕಾಗದಕ್ಕೆ ಅಂಟಿಕೊಳ್ಳುತ್ತವೆ.

ಅಂಥ ಒಂದೇ ಒಂದು ಹಾಳೆಗೆ ಗ್ರಾಫೀನ್ ಎಂದು ಹೆಸರು. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ತಮ್ಮ ಸಂಗಡಿಗರೊಡನೆ ಆ ಒಂಟಿ ಹಾಳೆಯನ್ನು ಬೇರ್ಪಡಿಸಿ ಅದರಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಅಳೆದು ತೋರಿಸಿದರು. ಅವರು ಬಳಸಿದ ಸಾಧನವೇನೆಂದು ಕೇಳಿದರೆ ನಿಮಗೆ ನಗು ಬರಬಹುದು: ಹರಿದ ನೋಟಿಗೆ ನಾವು ಅಂಟಿಸುವಂಥ ಅಂಟುಪಟ್ಟಿ! ಗ್ರಾಫೈಟಿಗೆ ಅದನ್ನು ಅಂಟಿಸಿ ಕೀಳುವುದು, ಕಿತ್ತದ್ದನ್ನು ಮತ್ತೆ ಮತ್ತೆ ಅಂಟಿಸಿ ಕೀಳುತ್ತ ತೆಳುವಾಗಿಸುವುದು. 2010ರಲ್ಲಿ ಅವರಿಬ್ಬರಿಗೂ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದಿತು.

ಇದನ್ನೆಲ್ಲ ನನಗೆ ತಿಳಿಸಿಕೊಟ್ಟವಳು ನನ್ನ ಕೈಯಲ್ಲೇ ಓದಿದ ಒಬ್ಬ ಹುಡುಗಿ. ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. 2016ರ ಬೇಸಿಗೆಯ ರಜೆಯಲ್ಲಿ ಊರಿಗೆ ಬಂದವಳು ಒಂದು ಸಂಜೆ ನಮ್ಮ ಮನೆಗೂ ಬಂದಳು. ಕರೆಂಟು ಹೋಗಿತ್ತು. ಅಂಗಳದಲ್ಲಿ ಮಂಚ ಹಾಕಿಕೊಂಡು ಕುಳಿತೆವು. “ಏನು ಓದುತ್ತಿದ್ದೀಯಮ್ಮ?” ಎಂದು ಕೇಳಿದೆ. “ಗ್ರಾಫೀನಿನ ಎಲೆಕ್ಟ್ರಾನಿಕ್ ರಚನೆ, ಸರ್” ಎಂದಳು. ಮೇಷ್ಟ್ರಾಗಿ ಮೂವತ್ತು ವರ್ಷ ಕಳೆದ ನನಗೆ ಅದರ ಅರ್ಥ ಆಗಲಿಲ್ಲ. ಅವಳು ನನ್ನ ಮೊಮ್ಮಗನ ಪಾಟಿಚೀಲದಿಂದ ಪೆನ್ಸಿಲನ್ನೂ ನೋಟು ಪುಸ್ತಕವನ್ನೂ ತೆಗೆದುಕೊಂಡು, ಟಾರ್ಚಿನ ಬೆಳಕಿನಲ್ಲಿ, ನಾನು ಒಂದು ಕಾಲದಲ್ಲಿ ಅವಳಿಗೆ ಕಲಿಸಿದಂತೆಯೇ ನನಗೆ ಕಲಿಸತೊಡಗಿದಳು.

ಇಂಗಾಲದ ಪ್ರತಿ ಪರಮಾಣುವಿನ ಹೊರ ಅಂಚಿನಲ್ಲಿ ನಾಲ್ಕು ಎಲೆಕ್ಟ್ರಾನುಗಳು. ಮೂರು ಎಲೆಕ್ಟ್ರಾನುಗಳು ನೆರೆಯ ಮೂರು ಪರಮಾಣುಗಳ ಕೈಹಿಡಿದು ಜೇನುಗೂಡನ್ನು ಕಟ್ಟುತ್ತವೆ. ಉಳಿದ ನಾಲ್ಕನೆಯದು ಯಾವ ಮನೆಗೂ ಸೇರದೆ ಇಡೀ ಹಾಳೆಯ ಮೇಲೆ ಅಡ್ಡಾಡುತ್ತದೆ. ಅಡ್ಡಾಡುವುದಕ್ಕೂ ನಿಯಮವಿದೆ. ಎಲೆಕ್ಟ್ರಾನ್ ಯಾವ ಶಕ್ತಿಯಲ್ಲಿ ಬೇಕಾದರೂ ಇರುವಂತಿಲ್ಲ. ಕೆಲವು ಶಕ್ತಿಗಳಿಗೆ ಅಲ್ಲಿ ಇಂಬುಂಟು, ಕೆಲವಕ್ಕೆ ಇಲ್ಲ. ಯಾವ ಯಾವ ಶಕ್ತಿಯ ಎಲೆಕ್ಟ್ರಾನಿಗೆ ಎಲ್ಲೆಲ್ಲಿ ಇಂಬಿದೆ ಎಂಬ ಲೆಕ್ಕವೇ ಎಲೆಕ್ಟ್ರಾನಿಕ್ ರಚನೆ. ಒಂದು ಛತ್ರದಲ್ಲಿ ಎಷ್ಟು ಕೋಣೆಗಳಿವೆ, ಯಾವ ಕೋಣೆ ತುಂಬಿದೆ, ಯಾವುದು ಖಾಲಿಯಿದೆ ಎಂದು ಬರೆದಿಡುವ ಪುಸ್ತಕದಂತೆ. ಗ್ರಾಫೀನಿನ ಈ ಲೆಕ್ಕವನ್ನು ಪಿ. ಆರ್. ವಾಲೇಸ್ ಎಂಬ ವಿಜ್ಞಾನಿ 1947ರಷ್ಟು ಹಿಂದೆಯೇ ಕಾಗದದ ಮೇಲೆ ಮಾಡಿದ್ದರು. ತುಂಬಿದ ಕೋಣೆಗಳ ಸಾಲೂ ಖಾಲಿ ಕೋಣೆಗಳ ಸಾಲೂ ಗ್ರಾಫೀನಿನಲ್ಲಿ ಕೆಲವೇ ಬಿಂದುಗಳಲ್ಲಿ ಒಂದನ್ನೊಂದು ಮುಟ್ಟಿಕೊಂಡಿವೆ. ಆ ಬಿಂದುಗಳ ಬಳಿಯ ಎಲೆಕ್ಟ್ರಾನುಗಳು ತಮಗೆ ತೂಕವೇ ಇಲ್ಲವೆಂಬಂತೆ ಸೆಕೆಂಡಿಗೆ ಸುಮಾರು 10 ಲಕ್ಷ ಮೀಟರ್ ವೇಗದಲ್ಲಿ, ಎಂದರೆ ಬೆಳಕಿನ ವೇಗದ ಮುನ್ನೂರರಲ್ಲೊಂದು ಪಾಲಿನ ವೇಗದಲ್ಲಿ, ಸಂಚರಿಸುತ್ತವೆ.

“ಕಾಗದದ ಮೇಲಿನ ಲೆಕ್ಕ ಸರಿ. ನಿಜವಾಗಿ ಹಾಗೆಯೇ ಇದೆಯೆಂದು ತಿಳಿಯುವುದು ಹೇಗೆ?” ಎಂದು ನಾನು ಕೇಳಿದೆ. ತುಂಬಿದ ಕೋಣೆಗಳ ವಿಷಯ ತಿಳಿಯಲು ಬೆಳಕು ಹಾಯಿಸುತ್ತಾರೆ. ಒಳಗಿರುವ ಎಲೆಕ್ಟ್ರಾನನ್ನು ಬೆಳಕು ಹೊರಕ್ಕೆ ಎಳೆದುತರುತ್ತದೆ, ಬಂದ ಎಲೆಕ್ಟ್ರಾನನ್ನು ವಿಚಾರಿಸಿ ಅದು ಎಲ್ಲಿತ್ತೆಂದು ತಿಳಿಯಬಹುದು. ಆದರೆ ಖಾಲಿ ಕೋಣೆಯಿಂದ ಯಾರನ್ನು ಹೊರಗೆ ಕರೆಯುವುದು? ಅದಕ್ಕೊಂದೇ ದಾರಿ. ಹೊರಗಿನಿಂದ ಒಂದು ಎಲೆಕ್ಟ್ರಾನನ್ನು ಕಳುಹಿಸಿ ಬಾಗಿಲು ತಟ್ಟಿಸಬೇಕು. ಅದು ಮರಳಿ ಬಂದರೆ ಒಳಗೆ ಅದಕ್ಕೆ ಇಂಬಿಲ್ಲವೆಂದರ್ಥ. ಮರಳಿ ಬಾರದಿದ್ದರೆ ಒಳಗೊಂದು ಕೋಣೆಯಿದೆ ಎಂದರ್ಥ.

ಎಷ್ಟು ಬಿರುಸಾಗಿ ತಟ್ಟಬೇಕು? ನಮ್ಮ ಮನೆಗಳಲ್ಲಿದ್ದ ಹಳೆಯ ಡಬ್ಬಿಯಂಥ ಟಿ.ವಿ.ಯ ಕೊಳವೆಯಲ್ಲಿ ಎಲೆಕ್ಟ್ರಾನುಗಳು ಇಪ್ಪತ್ತು ಸಾವಿರ ವೋಲ್ಟಿಗೂ ಮಿಗಿಲಾದ ಒತ್ತಡದಿಂದ ಬಂದು ಗಾಜಿಗೆ ಬಡಿಯುತ್ತಿದ್ದವು. ದೊಡ್ಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಲ್ಲಿ ಲಕ್ಷ, ಎರಡು ಲಕ್ಷ ವೋಲ್ಟು. ಅಷ್ಟು ಶಕ್ತಿಯ ಎಲೆಕ್ಟ್ರಾನ್ ಗ್ರಾಫೀನಿನ ಹಾಳೆಯನ್ನು ಬಹುಮಟ್ಟಿಗೆ ತೂರಿಕೊಂಡೇ ಹೋಗಿಬಿಡುತ್ತದೆ. ಪರಮಾಣುಗಳು ಎಲ್ಲೆಲ್ಲಿವೆ ಎಂಬ ಚಿತ್ರವನ್ನು ಅದು ಚೆನ್ನಾಗಿಯೇ ಕೊಡಬಲ್ಲದು. ಆದರೆ ಒಳಗಿನ ಈ ಸೂಕ್ಷ್ಮ ಕೋಣೆಗಳ ಅರಿವು ಆ ಭರಾಟೆಯಲ್ಲಿ ಸಿಗುವುದಿಲ್ಲ. ಸುಮಾರು 86 ಸಾವಿರ ಎಲೆಕ್ಟ್ರಾನ್ ವೋಲ್ಟನ್ನು ಮೀರಿದರೆ ಅದು ಇಂಗಾಲದ ಪರಮಾಣುವನ್ನೇ ಹಾಳೆಯಿಂದ ಕಿತ್ತೆಸೆಯಬಲ್ಲದು. ವಿಚಾರಿಸಲು ಹೋದವನೇ ಮನೆಯ ಗೋಡೆ ಕೆಡವಿದ ಹಾಗೆ!

ಆದ್ದರಿಂದ ಅವರು ಕಳುಹಿಸುವುದು ಅತ್ಯಂತ ಕಡಿಮೆ ಶಕ್ತಿಯ ಎಲೆಕ್ಟ್ರಾನನ್ನು. ನಾವು ಕುಳಿತಿದ್ದಲ್ಲಿದ್ದ ಟಾರ್ಚನ್ನು ಎತ್ತಿ ಅವಳು ತೋರಿಸಿದಳು: “ಇದರ ಒಂದು ಸೆಲ್ಲು ಒಂದೂವರೆ ವೋಲ್ಟು, ಸರ್. ಇಂಥ ಐದಾರು ಸೆಲ್ಲುಗಳು ಕೊಡುವಷ್ಟು ಶಕ್ತಿ ಸಾಕು.” ಇದಕ್ಕಾಗಿ ಇರುವ ಸೂಕ್ಷ್ಮದರ್ಶಕವನ್ನು ಮೊದಲು ಕಲ್ಪಿಸಿದವರು ಅರ್ನ್‌ಸ್ಟ್ ಬಾವರ್ ಎಂಬವರು, 1962ರಲ್ಲಿ. ಅದು ಚಿತ್ರಗಳನ್ನು ಕೊಡುವ ಹಂತಕ್ಕೆ ಬಂದದ್ದು 1985ರ ಹೊತ್ತಿಗೆ. ಎಲೆಕ್ಟ್ರಾನುಗಳು ಅದರಲ್ಲಿ ಮೊದಲು ವೇಗವಾಗಿಯೇ ಹೊರಡುತ್ತವೆ. ಆದರೆ ಹಾಳೆಯನ್ನು ಸಮೀಪಿಸುತ್ತಿದ್ದಂತೆ ಎದುರಿನ ವಿದ್ಯುತ್ ಒತ್ತಡ ಅವುಗಳನ್ನು ತಡೆದು ತಡೆದು, ಕೊನೆಯ ಹೆಜ್ಜೆಯಲ್ಲಿ ಬಹುತೇಕ ನಿಂತೇಬಿಡುವಷ್ಟು ನಿಧಾನಗೊಳಿಸುತ್ತದೆ. ಓಡುತ್ತ ಬಂದವನು ರೋಗಿಯ ಕೋಣೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ತುದಿಗಾಲಿನಲ್ಲಿ ಒಳಗೆ ಅಡಿಯಿಡುವಂತೆ. ಸುತ್ತಲೂ ನಿರ್ವಾತ, ಹೊರಗಿನ ಗಾಳಿಯ ಒತ್ತಡದ ಲಕ್ಷ ಕೋಟಿಯಲ್ಲೊಂದು ಪಾಲಿಗೂ ಇಳಿದ ಒತ್ತಡ. ಅಷ್ಟು ನಿಶ್ಶಬ್ದವಿಲ್ಲದಿದ್ದರೆ ಮೆಲ್ಲಗೆ ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಅನಂತರ ಅವಳು ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ಕಳುಹಿಸಿದ ಎಲೆಕ್ಟ್ರಾನಿನ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ಎಷ್ಟು ಮರಳಿ ಬಂದವೆಂದು ಎಣಿಸುತ್ತ ಹೋದರೆ ಬರುವ ಗೆರೆ ಅದು. ಅದು ಒಂದೇ ಸಮನಾಗಿ ಸಾಗುವುದಿಲ್ಲ. ಅಲ್ಲಲ್ಲಿ ತಗ್ಗು ಬೀಳುತ್ತದೆ. ಎರಡು ಹಾಳೆಯ ಗ್ರಾಫೀನಿನಲ್ಲಿ ಒಂದು ತಗ್ಗು. ಮೂರು ಹಾಳೆಗಳಿದ್ದರೆ ಎರಡು. ನಾಲ್ಕಿದ್ದರೆ ಮೂರು. ಜಪಾನಿನ ಹಿಬಿನೊ ಮತ್ತು ಸಂಗಡಿಗರು 2008ರಲ್ಲಿ ಸಿಲಿಕಾನ್ ಕಾರ್ಬೈಡಿನ ಮೇಲೆ ಬೆಳೆಸಿದ ಹಾಳೆಗಳನ್ನು ಈ ತಗ್ಗುಗಳಿಂದಲೇ ಎಣಿಸಿ ತೋರಿಸಿದರು. ಮುಂದೆ 2015ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದವರು ಎಲೆಕ್ಟ್ರಾನುಗಳನ್ನು ನೇರವಾಗಿ ಮಾತ್ರವಲ್ಲದೆ ಓರೆಯಾಗಿಯೂ ಕಳುಹಿಸಿ, ಆ ಖಾಲಿ ಕೋಣೆಗಳ ಪೂರ್ಣ ನಕ್ಷೆಯನ್ನೇ ಬಿಡಿಸುವ ವಿಧಾನವನ್ನು ಪ್ರಕಟಿಸಿದರು.

“ಹಾಳೆಗಳ ಸಂಖ್ಯೆಗಿಂತ ತಗ್ಗು ಒಂದು ಕಡಿಮೆ ಏಕೆ?” ಎಂದು ಕೇಳಿದೆ. ಅವಳು ನಕ್ಕು, “ಇದೇ ಪ್ರಶ್ನೆಯನ್ನು ನೀವು ಕೇಳುವಿರೆಂದು ಗೊತ್ತಿತ್ತು ಸರ್” ಎಂದಳು. ಆ ಕೋಣೆಗಳು ಹಾಳೆಗಳಲ್ಲಿಲ್ಲ. ಹಾಳೆ ಹಾಳೆಗಳ ನಡುವಿನ ಎಡೆಯಲ್ಲಿವೆ. ಎಲೆಕ್ಟ್ರಾನ್ ಕಣವೂ ಹೌದು, ಅಲೆಯೂ ಹೌದು. 1927ರಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್ ನಿಕ್ಕಲಿನ ಹರಳಿನ ಮೇಲೆ 54 ವೋಲ್ಟಿನಷ್ಟೇ ಮೆಲ್ಲನೆಯ ಎಲೆಕ್ಟ್ರಾನುಗಳನ್ನು ಬಿಟ್ಟು ಇದನ್ನು ಕಂಡುಕೊಂಡರು. ಬಾವಿಯ ಬಾಯಲ್ಲಿ ನಿಂತು ಸ್ವರವನ್ನು ಏರಿಸುತ್ತ ಹೋದರೆ ಯಾವುದೋ ಒಂದು ಸ್ವರಕ್ಕೆ ಮಾತ್ರ ಬಾವಿಯೇ ತುಂಬಿ ಮೊಳಗುವುದನ್ನು ನೀವು ಚಿಕ್ಕಂದಿನಲ್ಲಿ ಕೇಳಿರಬಹುದು. ಹಾಗೆಯೇ ಎರಡು ಹಾಳೆಗಳ ನಡುವಿನ ಎಡೆಗೆ ಸರಿಹೊಂದುವ ಶಕ್ತಿಯ ಎಲೆಕ್ಟ್ರಾನ್ ಬಂದಾಗ ಅದು ಹಿಂದಕ್ಕೆ ಪುಟಿಯದೆ ಒಳಗೆ ಇಳಿದುಬಿಡುತ್ತದೆ. ಎರಡು ಹಾಳೆಗೆ ಒಂದು ಎಡೆ, ಮೂರಕ್ಕೆ ಎರಡು. “ಮರಳಿ ಬಂದದ್ದನ್ನು ಎಣಿಸುತ್ತೇವೆ ಸರ್, ಆದರೆ ಒಳಗಿನ ವಿಷಯ ತಿಳಿಯುವುದು ಮರಳಿ ಬಾರದೆ ಹೋದದ್ದರಿಂದ” ಎಂದಳು.

ಓದುಗರೇ, ಆ ಮಾತು ನನ್ನನ್ನು ಹದಿನೆಂಟು ವರ್ಷ ಹಿಂದಕ್ಕೆ ಒಯ್ದಿತು. ಅವಳು ಇನ್ನೂ ಏನೇನೋ ಹೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ.

1998. ದಸರೆಯ ರಜೆ ಮುಗಿದು ಕೆಲವು ವಾರಗಳಾಗಿದ್ದವು. ನಾನು ಆಗ ಹಳ್ಳಿಯ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಎರಡು ತಿಂಗಳಿಂದ ನಾಪತ್ತೆಯಾಗಿದ್ದ ಒಬ್ಬ ಹುಡುಗ ಒಂದು ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಬಂದು ಹಿಂದಿನ ಸಾಲಿನಲ್ಲಿ ಕುಳಿತುಬಿಟ್ಟ. ಲೆಕ್ಕದಲ್ಲಿ ಚುರುಕಾದ ಹುಡುಗ. ಮರುವಾರ ತಪಾಸಣೆಗೆ ಮೇಲಿನವರು ಬರುವವರಿದ್ದರು. ನನ್ನ ತರಗತಿಯ ಹಾಜರಿ ಪುಸ್ತಕ ನೋಡುವಂತಿರಲಿಲ್ಲ. ನನ್ನ ಸಿಟ್ಟಿಗೆ ಕಾರಣ ಅವನ ಓದು ಕೆಡುತ್ತದೆಂಬ ಕಾಳಜಿಯೇ ಎಂದು ಆಗ ನಾನು ನಂಬಿಕೊಂಡಿದ್ದೆ. ಈಗ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಅವನನ್ನು ಎಬ್ಬಿಸಿ ನಿಲ್ಲಿಸಿದೆ. ಎಲ್ಲಿ ಹೋಗಿದ್ದೆ? ಯಾರನ್ನು ಕೇಳಿ ಹೋದೆ? ಹೇಳಿ ಹೋಗಬೇಕೆಂದು ಗೊತ್ತಿಲ್ಲವೇ? ನಿನ್ನ ಅಪ್ಪನಿಗೆ ಬುದ್ಧಿಯಿಲ್ಲವೇ? ಒಂದರ ಮೇಲೊಂದು ಪ್ರಶ್ನೆ. ಒಂದಕ್ಕೆ ಉತ್ತರ ಬರುವ ಮೊದಲೇ ಇನ್ನೊಂದು. ಮೇಜಿನ ಮೇಲೆ ಬೆತ್ತದಿಂದ ಬಡಿಯುತ್ತಿದ್ದೆ. ನಲವತ್ತು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವನು ತಲೆ ತಗ್ಗಿಸಿ, “ಇಲ್ರಿ”, “ಗೊತ್ತಿಲ್ರಿ” ಎಂಬ ಎರಡೇ ಮಾತುಗಳನ್ನು ಆಡಿದ. ಕೈಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಪೆನ್ಸಿಲಿನ ತುಂಡೊಂದಿತ್ತು. ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. “ಇದನ್ನು ಹಿಡಿದುಕೊಂಡು ಶಾಲೆಗೆ ಬಂದೆಯಾ?” ಎಂದು ಅದನ್ನು ಕಿತ್ತು ಕಿಟಕಿಯ ಹೊರಗೆ ಎಸೆದೆ. ಅವನು ಅಳಲಿಲ್ಲ. ಕಿಟಕಿಯ ಕಡೆಗೆ ಒಮ್ಮೆ ನೋಡಿದ, ಅಷ್ಟೇ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ನಮ್ಮ ಶಾಲೆಯಲ್ಲಿ ಕುಡಿಯುವ ನೀರು ತುಂಬಿಡಲು ಒಬ್ಬ ಅಜ್ಜಿ ಬರುತ್ತಿದ್ದಳು. ಓದು ಬರಹ ಅರಿಯದವಳು. ವಾರ ಕಳೆದ ಮೇಲೆ ನಾನಿದ್ದ ಕೋಣೆಯ ಬಾಗಿಲಲ್ಲಿ ನಿಂತು, “ಸರ, ಆ ಹುಡುಗ ಇನ್ನ ಬರಂಗಿಲ್ರಿ” ಎಂದಳು. ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಆಕೆ ಹೇಳಿದ್ದು ಇಷ್ಟು. ಅಪ್ಪ ಅವ್ವನೊಡನೆ ಹುಡುಗ ಬೆಂಗಳೂರಿಗೆ ಗುಳೆ ಹೋಗಿದ್ದ. ಹಗಲಿಡೀ ಹೆತ್ತವರು ಕಲ್ಲು ಮಣ್ಣು ಹೊರುವಾಗ ನಾಲ್ಕು ವರ್ಷದ ತಂಗಿಯನ್ನು ನೋಡಿಕೊಳ್ಳುವುದು ಅವನ ಪಾಲಿನ ಕೆಲಸವಾಗಿತ್ತು. ಆ ಮಗುವಿಗೆ ಜ್ವರ ಬಂದಿತು. ಕಟ್ಟಡದ ಪಕ್ಕದ ತಗಡಿನ ಗುಡಿಸಲಿನಲ್ಲಿ, ಅವನ ತೊಡೆಯ ಮೇಲೆ, ಅದು ಹೋಗಿಬಿಟ್ಟಿತು. ಮಣ್ಣು ಮಾಡಿ ಊರಿಗೆ ಬಂದ ಎರಡನೆಯ ದಿನ ಅವನು ಶಾಲೆಗೆ ಬಂದಿದ್ದ. ಮನೆಯಲ್ಲಿ ಇರಲಾರದೆ ಬಂದಿದ್ದ.

“ಇದನ್ನೆಲ್ಲ ಅವನು ನಿನಗೆ ಹೇಳಿದನೇ?” ಎಂದೆ. “ಇಲ್ರಿ ಸರ. ಅಂವ ಏನೂ ಹೇಳಲಿಲ್ಲ. ನೀರು ಕುಡಿಯಾಕ ಬಂದಾಗ ಉಂಡಿಯೇನಪಾ ಅಂದೆ, ಹೂಂ ಅಂದ. ಅವ್ವ ಆರಾಮದಾಳೇನು ಅಂದೆ, ಹೂಂ ಅಂದ. ತಂಗಿ ಎಲ್ಲಿ ಅಂದೆ, ಸುಮ್ನಾದ. ಅಲ್ಲೇ ಐತಿ ಅಂತ ತಿಳ್ಕೊಂಡೆ. ಸಂಜಿಮುಂದ ಅವರ ಮನೀಗೆ ಹೋಗಿ ಕುಂತು ಬಂದೆ.” ಹೀಗೆಂದು ಆಕೆ ಸೆರಗಿನ ಗಂಟು ಬಿಚ್ಚಿ, ಆ ಪೆನ್ಸಿಲಿನ ತುಂಡನ್ನು ನನ್ನ ಮೇಜಿನ ಮೇಲಿಟ್ಟಳು. ಕಿಟಕಿಯ ಕೆಳಗೆ ಕಸ ಗುಡಿಸುವಾಗ ಸಿಕ್ಕಿತ್ತಂತೆ.

ನಾನು ಆ ಸಂಜೆಯೇ ಅವರ ಮನೆಗೆ ಹೋದೆ. ಬಾಗಿಲಿಗೆ ಮುಳ್ಳಿನ ಕಂಟಿ ಅಡ್ಡವಿತ್ತು. ಮತ್ತೆ ಗುಳೆ ಹೋಗಿದ್ದರು. ಆ ಕುಟುಂಬ ಊರಿಗೆ ಮರಳಿ ಬಂದದ್ದನ್ನು ನಾನು ಕಾಣಲಿಲ್ಲ.

ಈಗ ನಿಮಗೆ ಅರ್ಥವಾಗಿರಬೇಕು, ಅಂದು ಅಂಗಳದಲ್ಲಿ ಆ ಹುಡುಗಿ ಎಳೆದ ಗೆರೆಯ ತಗ್ಗನ್ನು ನೋಡುತ್ತ ನಾನೇಕೆ ಮಾತು ಮರೆತೆನೆಂದು. ನಾನು ಲಕ್ಷ ವೋಲ್ಟಿನಿಂದ ಬಡಿದಿದ್ದೆ. ಆ ಹುಡುಗನಲ್ಲಿ ನನಗೆ ಕಂಡದ್ದು ಏನೂ ಇಲ್ಲ. ನನ್ನ ಪ್ರಶ್ನೆಗಳೆಲ್ಲ ಅವನನ್ನು ತೂರಿಕೊಂಡು ಹೋಗಿದ್ದವು, ಹೋಗುವಾಗ ಏನನ್ನೋ ಕಿತ್ತುಕೊಂಡೂ ಹೋಗಿದ್ದವು. ಅಜ್ಜಿ ಕೇಳಿದ್ದು ಮೂರೇ ಪ್ರಶ್ನೆ. ಎರಡು ಪ್ರಶ್ನೆಗಳು ಹೂಂ ಎಂದು ಮರಳಿ ಬಂದವು. ಮೂರನೆಯದು ಮರಳಲಿಲ್ಲ. ಮರಳದ ಆ ಒಂದು ಪ್ರಶ್ನೆಯ ಜಾಗದಲ್ಲಿಯೇ ಎಲ್ಲವೂ ಇತ್ತು. ಅದೂ ಅವನೊಬ್ಬನಲ್ಲಿ ಅಲ್ಲ, ಅವನ ಮತ್ತು ಅವನ ತಂಗಿಯ ನಡುವಿನ ಎಡೆಯಲ್ಲಿತ್ತು. ಉತ್ತರ ಬಾರದಿರುವುದನ್ನು ನಾನು ಮೊಂಡುತನವೆಂದು ಎಣಿಸಿದ್ದೆ. ಆಕೆ ಅದನ್ನೇ ಉತ್ತರವೆಂದು ತಿಳಿದುಕೊಂಡಳು.

ನಾನು ಈ ಕತೆಯನ್ನು ಆ ಹುಡುಗಿಗೆ ಹೇಳಿದೆ. ಹೇಳಿ, ಮೇಷ್ಟ್ರ ಚಾಳಿಯಂತೆ ನೀತಿಯನ್ನೂ ಸೇರಿಸಿದೆ: “ನೋಡಮ್ಮ, ಮೆಲ್ಲಗೆ ತಟ್ಟಿದರೆ ಯಾವ ಕೇಡೂ ಇಲ್ಲ.” ಅವಳು ತುಸು ಹೊತ್ತು ಸುಮ್ಮನಿದ್ದು, ಒಪ್ಪಲಿಲ್ಲ. “ಹಾಗೆಂದುಕೊಳ್ಳಬೇಡಿ ಸರ್. ಗ್ರಾಫೀನ್ ಗಟ್ಟಿ, ಅದು ತಡೆದುಕೊಳ್ಳುತ್ತದೆ. ಎಲ್ಲವೂ ಹಾಗಿರುವುದಿಲ್ಲ” ಎಂದಳು. 2000ದಲ್ಲಿ ಕೆನಡಾದ ಶೆರ್ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಲಿಯೋನ್ ಸಾಂಶ್ ಅವರ ತಂಡ ಇಂಥವೇ ಮೆಲ್ಲನೆಯ ಎಲೆಕ್ಟ್ರಾನುಗಳನ್ನು, 3ರಿಂದ 20 ಎಲೆಕ್ಟ್ರಾನ್ ವೋಲ್ಟಿನವನ್ನು, ಜೀವಿಗಳ ವಂಶಸೂತ್ರವಾದ ಡಿಎನ್ಎಯ ಮೇಲೆ ಬಿಟ್ಟು ನೋಡಿತಂತೆ. ಅದರ ಎಳೆಗಳು ಕಡಿದುಹೋದವು. ಬಲದಿಂದ ಮುರಿದದ್ದಲ್ಲ, ಎಲೆಕ್ಟ್ರಾನ್ ಮೆಲ್ಲನೆ ಹೋಗಿ ಸೂಕ್ಷ್ಮವಾದ ಜಾಗದಲ್ಲಿ ಕುಳಿತುಬಿಟ್ಟಿತು, ಬಂಧ ತಾನಾಗಿ ಬಿಟ್ಟಿತು.

ನಾನು ತಲೆದೂಗಿದೆ. ನಮ್ಮ ಮನೆಗಳಲ್ಲಿಯೂ ಹಾಗೆಯೇ ಅಲ್ಲವೇ? ಗದರಿದ ಮಾತನ್ನು ಮಕ್ಕಳು ಮರೆಯಬಹುದು. ಊಟದ ತಟ್ಟೆಯ ಮುಂದೆ ಮೆಲುದನಿಯಲ್ಲಿ ಆಡಿದ ಒಂದು ಚುಚ್ಚುಮಾತು, ಇಬ್ಬರು ಮಕ್ಕಳ ನಡುವೆ ನಗುತ್ತ ಮಾಡಿದ ಒಂದು ಹೋಲಿಕೆ, ಸರಿಯಾಗಿ ನೋವಿರುವ ಜಾಗಕ್ಕೇ ಹೋಗಿ ಕುಳಿತು ಎಳೆಯನ್ನು ಕಡಿಯುತ್ತದೆ. ದನಿ ತಗ್ಗಿಸಿದ ಮಾತ್ರಕ್ಕೆ ಪ್ರಶ್ನೆ ಮೆತ್ತಗಾಗುವುದಿಲ್ಲ. ಅಜ್ಜಿಯ ಪ್ರಶ್ನೆಗಳು ಮೆತ್ತಗಿದ್ದುದಕ್ಕೆ ಕಾರಣ ಅವಳ ದನಿಯಲ್ಲ. ಉತ್ತರ ಬಾರದಾಗ ಅವಳು ಮತ್ತೊಮ್ಮೆ ಕೇಳಲಿಲ್ಲ. ಎದ್ದು ಅವರ ಮನೆಗೆ ಹೋಗಿ ಕುಳಿತುಬಂದಳು. ನಾನು ಅಲ್ಲಿಯವರೆಗೆ ಹೋದದ್ದು ವಾರ ಕಳೆದ ಮೇಲೆ.

ಇಂಗಾಲದ ಹಾಳೆಯೂ ಮನುಷ್ಯನ ಮನಸ್ಸೂ ಒಂದೇ ಎಂದು ನಾನು ಹೇಳುತ್ತಿಲ್ಲ. ಹಾಳೆಗೆ ನೋವಿಲ್ಲ, ಇಂದು ಕೇಳಿದರೂ ನಾಳೆ ಕೇಳಿದರೂ ಅದು ಅದೇ ಉತ್ತರವನ್ನು ಕೊಡುತ್ತದೆ. ಮಗು ಹಾಗಲ್ಲ, ಕೇಳಬೇಕಾದ ದಿನ ಕೇಳದಿದ್ದರೆ ಮತ್ತೆ ಸಿಗುವುದಿಲ್ಲ. ಆದರೂ ಆ ಹಾಳೆಯ ಬಗ್ಗೆ ಓದಲು ಸಿಕ್ಕಿದ್ದನ್ನೆಲ್ಲ ಅಂದಿನಿಂದ ಓದುತ್ತ ಬಂದಿದ್ದೇನೆ. ನಮ್ಮ ನಾಡಿನಲ್ಲಿಯೇ ಈ ಕೆಲಸ ಎಷ್ಟು ನಡೆದಿದೆಯೆಂದು ತಿಳಿದು ಹೆಮ್ಮೆಯಾಯಿತು. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಭಾರತರತ್ನ ಸಿ. ಎನ್. ಆರ್. ರಾವ್ ಮತ್ತು ಅವರ ಸಂಗಡಿಗರು 2009ರಲ್ಲಿಯೇ ಗ್ರಾಫೀನಿನ ಬಗ್ಗೆ ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಅರಿಂದಮ್ ಘೋಷ್ ಅವರ ತಂಡ ಜಪಾನಿನ ವಿಜ್ಞಾನಿಗಳೊಡಗೂಡಿ 2025ರಲ್ಲಿ ಮತ್ತೊಂದು ಬೆರಗನ್ನು ತೋರಿಸಿತು. ಅತ್ಯಂತ ಶುದ್ಧವಾದ ಗ್ರಾಫೀನಿನಲ್ಲಿ, ತುಂಬಿದ ಸಾಲೂ ಖಾಲಿ ಸಾಲೂ ಮುಟ್ಟಿಕೊಳ್ಳುವ ಆ ಬಿಂದುವಿನ ಬಳಿ, ಎಲೆಕ್ಟ್ರಾನುಗಳು ಒಂಟಿಒಂಟಿಯಾಗಿ ಓಡದೆ ನೀರಿನಂತೆ ಒಟ್ಟಾಗಿ ಹರಿಯುತ್ತವೆ. ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದು ಶಾಖವನ್ನೂ ಅದಕ್ಕೆ ತಕ್ಕಂತೆ ಒಯ್ಯುತ್ತದೆಂದು ನಾವು ಮಕ್ಕಳಿಗೆ ಕಲಿಸುತ್ತ ಬಂದ ಹಳೆಯ ನಿಯಮ ಅಲ್ಲಿ 200 ಪಟ್ಟಿಗೂ ಹೆಚ್ಚು ತಪ್ಪಿತಂತೆ. ಇದೆಲ್ಲ ಇರುವುದು ಪೆನ್ಸಿಲಿನ ಗೆರೆಯೊಳಗೆ. ಎಷ್ಟು ಕಾಲದಿಂದ ಅದರಿಂದ ಬರೆಯುತ್ತಿದ್ದೇವೆ! ಯಾರೂ ಅದನ್ನು ಅದರ ಬಗ್ಗೆಯೇ ಕೇಳಿರಲಿಲ್ಲ.

2002ರಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಬಿಸಿಯೂಟ ಶುರುವಾಯಿತು. ಮಕ್ಕಳು ಸಾಲಾಗಿ ಕುಳಿತು ಉಣ್ಣುವಾಗ ನಾನು ಅವರ ನಡುವೆ ಸುಮ್ಮನೆ ನಡೆಯುವುದನ್ನು ರೂಢಿ ಮಾಡಿಕೊಂಡೆ. ಉಂಡೆಯಾ, ಅವ್ವ ಆರಾಮಾಗಿದ್ದಾಳಾ, ದನ ಕರು ಹಾಕಿತೇ ಎಂದು ಕೇಳುತ್ತಿದ್ದೆ. ಹೂಂ ಎಂದವರನ್ನು ದಾಟಿ ಮುಂದೆ ಹೋಗುತ್ತಿದ್ದೆ. ಯಾವ ಮಗು ಯಾವ ಪ್ರಶ್ನೆಗೆ ಸುಮ್ಮನಾಯಿತೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಸಂಜೆ ಅವರ ಮನೆಯ ಕಡೆಗೆ ಸೈಕಲ್ ತಿರುಗಿಸುತ್ತಿದ್ದೆ. ಎಲ್ಲ ಸಲವೂ ಸರಿಯಾಗಿ ಅರಿತೆನೆಂದಲ್ಲ. ನಿವೃತ್ತನಾಗುವವರೆಗೂ ಮಕ್ಕಳು ಗುಳೆ ಹೋಗುವುದನ್ನು ನಾನು ನಿಲ್ಲಿಸಲಾರದೆ ಹೋದೆ. ಅದು ಒಬ್ಬ ಮೇಷ್ಟ್ರಿಂದ ಆಗುವ ಕೆಲಸವೂ ಅಲ್ಲ. ಆದರೆ ಹೋಗಿಬಂದ ಮಗುವನ್ನು ನಲವತ್ತು ಜನರ ಮುಂದೆ ಎಬ್ಬಿಸಿ ನಿಲ್ಲಿಸಿದ್ದು ಅದೇ ಕೊನೆ.

ಇಂದು ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ನೀವೂ ಒಮ್ಮೆ ಹೀಗೆ ಮಾಡಿ ನೋಡುವಿರಾ? ಅಂಕ ಎಷ್ಟು ಬಂತು, ಯಾರ ಜೊತೆ ಸುತ್ತುತ್ತಿದ್ದೆ ಎಂಬ ದೊಡ್ಡ ಪ್ರಶ್ನೆಗಳನ್ನು ಒಂದು ದಿನದ ಮಟ್ಟಿಗೆ ಬದಿಗಿಡಿ. ಟಿ.ವಿ. ಆರಿಸಿ, ಫೋನನ್ನು ದೂರವಿಡಿ; ನಿರ್ವಾತವಲ್ಲದಿದ್ದರೂ ಅಷ್ಟು ನಿಶ್ಶಬ್ದವಾದರೂ ಇರಲಿ. ಸಣ್ಣ ಪ್ರಶ್ನೆ ಕೇಳಿ. ಬಂದ ಉತ್ತರವನ್ನು ಕೇಳಿಸಿಕೊಳ್ಳಿ. ಯಾವುದಕ್ಕೆ ಉತ್ತರ ಬರಲಿಲ್ಲವೋ ಅದನ್ನು ಎರಡನೆಯ ಬಾರಿ ಕೇಳಬೇಡಿ, ಮರೆಯಲೂ ಬೇಡಿ. ಊಟ ಮುಗಿದ ಮೇಲೆ ಆ ಮಗುವಿನ ಪಕ್ಕದಲ್ಲಿ ಹೋಗಿ ಸುಮ್ಮನೆ ಕುಳಿತುಕೊಳ್ಳಿ.

ಆ ಪೆನ್ಸಿಲಿನ ತುಂಡು ನನ್ನ ಮೇಜಿನ ಖಾನೆಯಲ್ಲಿ ಇಂದಿಗೂ ಇದೆ. ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದವು. ಆ ಹುಡುಗನಿಗೆ ಈಗ ನಲವತ್ತರ ಆಸುಪಾಸಿನ ವಯಸ್ಸಾಗಿರಬೇಕು, ಅವನಿಗೂ ಮಕ್ಕಳಿರಬಹುದು. ಬೆಂಗಳೂರಿಗೆ ಹೋದಾಗಲೆಲ್ಲ ಕಟ್ಟುತ್ತಿರುವ ಕಟ್ಟಡಗಳ ಮುಂದೆ ನನ್ನ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಎಂದಾದರೊಂದು ದಿನ ಅವನು ಸಿಕ್ಕರೆ ಕೇಳಬೇಕೆಂದು ಒಂದೇ ಒಂದು ಪ್ರಶ್ನೆಯನ್ನು ಇಟ್ಟುಕೊಂಡಿದ್ದೇನೆ. ಉಂಡೆಯಾ ಮಗನೇ, ಎಂದಷ್ಟೇ.